ಸೊಂಟದ ಮಗುವಿಗೆ ಅನುಮತಿ ಇಲ್ಲ

ಸರ್ಕಾರ ಅವಳನ್ನು ಅಮ್ಮನ ಸೊಂಟದಿಂದ ಕೆಳಗಿಳಿಸಿದ್ದು ಆರನೇ ಪತ್ರದಲ್ಲಿ. ಅದಕ್ಕೆ ಮುಂಚಿನ ಐದನ್ನು ಅವಳು ಹಲ್ಲು ಕಚ್ಚಿಕೊಂಡು ಸಹಿಸಿದ್ದಳು. ಬಿಯರ್ ಲೇಬಲ್‌ನಲ್ಲಿ ಮದ್ಯಸಾರದ ಪ್ರಮಾಣ ಹೇಳುವ ಅಂಕಿ ಕೂದಲೆಳೆಯಷ್ಟು ಎತ್ತರವಾಯಿತು ಎಂದರು, ಕುಗ್ಗಿಸಿದಳು. 'ಮಾಲ್ಟ್ ಪಾನೀಯ' ಎಂಬ ಮಾತು ಬಿಯರಿನ ಹೆಸರಿರುವ ಕಡೆಯೇ ಇರಬೇಕು, ಬಾಟಲಿಯ ಬೆನ್ನಿಗಲ್ಲ ಎಂದರು, ಮುಂದಕ್ಕೆ ತಂದಳು. 'ಅಮ್ಮನ ಗಟ್ಟಿ ಕಪ್ಪು' ಎಂದರೆ ಅಮಲನ್ನು ಹೊಗಳಿದಂತೆ ಎಂದರು, ಗಟ್ಟಿ ಹೋಯಿತು, ಬರೀ ಕಪ್ಪು ಉಳಿಯಿತು. ನಾಲ್ಕನೆಯದು ಬಣ್ಣದ ತಕರಾರು. ಐದನೆಯದು ಏನೆಂದು ಅವಳಿಗೆ ಇವತ್ತಿಗೂ ಅರ್ಥವಾಗಿಲ್ಲ. ಆರನೆಯದರಲ್ಲಿ ಒಂದೇ ಸಾಲಿತ್ತು: 'ಚಿತ್ರದಲ್ಲಿರುವ ಅಪ್ರಾಪ್ತ ವಯಸ್ಸಿನ ವ್ಯಕ್ತಿಯನ್ನು ತೆಗೆದುಹಾಕತಕ್ಕದ್ದು.'

ಆ ಅಪ್ರಾಪ್ತ ವಯಸ್ಸಿನ ವ್ಯಕ್ತಿ ಅವಳೇ. ಹನ್ನೊಂದು ತಿಂಗಳ ಕೂಸು, ಬಾಯಲ್ಲಿ ಹೆಬ್ಬೆರಳು. ಅಪ್ಪ ತೆಗೆದ ಆ ಫೋಟೋದಲ್ಲಿ ಅಮ್ಮ ಮೊಳಕೆಯೊಡೆದ ಬಾರ್ಲಿ ಹರಡಿದ ನೆಲದ ಮೇಲೆ ನಿಂತಿದ್ದಾಳೆ, ಒಂದು ಕೈಯಲ್ಲಿ ಮರದ ಸಲಿಕೆ, ಇನ್ನೊಂದು ಕೈಯಲ್ಲಿ ಮಗಳು. ಮೊಳಕೆ ಬಿಸಿಯಾಗದಂತೆ ನಾಲ್ಕು ತಾಸಿಗೊಮ್ಮೆ ಮಗುಚಬೇಕಿತ್ತು. ಮಗುವನ್ನು ಇಳಿಸಿದರೆ ಅಳುತ್ತಿತ್ತು, ಮಗುಚದಿದ್ದರೆ ಕಾಳು ಕೆಡುತ್ತಿತ್ತು. ಅಮ್ಮ ಎರಡನ್ನೂ ಒಟ್ಟಿಗೇ ಮಾಡಿದಳು, ಅದರಿಂದಲೇ ಈ ಬಿಯರ್ ಕಾರ್ಖಾನೆ ಎದ್ದು ನಿಂತಿತು. ಈಗ ಅಪ್ರಾಪ್ತಳಿಗೆ ಐವತ್ತಮೂರು ವರ್ಷ, ಜೊತೆಗೆ ಮಂಡಿನೋವು.

ಆದರೂ ಅವಳು ಮಗುವನ್ನು ಅಳಿಸಿ ಕಳಿಸಿದಳು. ಏಳನೇ ಪತ್ರ ಬಂತು: 'ಮಹಿಳೆಯ ಎಡಗೈಯ ಭಂಗಿಗೆ ಕಾರಣ ಸ್ಪಷ್ಟವಿಲ್ಲ.' ಖಾಲಿ ಕೈಗೆ ಬಾರ್ಲಿ ತೆನೆಯ ಕಟ್ಟು ಕೊಟ್ಟಳು. ಎಂಟನೆಯದು: 'ತೆನೆಯನ್ನು ಮಗುವಿನಂತೆ ಎತ್ತಿಕೊಂಡಿರುವುದು ಗ್ರಾಹಕರ ದಾರಿ ತಪ್ಪಿಸುವಂತಿದೆ.' ಕೈಯನ್ನೇ ಕತ್ತರಿಸಿ ಬರೀ ಮುಖ ಇಟ್ಟಳು. ಒಂಬತ್ತನೆಯದು, ಮುಖದಲ್ಲಿನ ಸಂತೃಪ್ತಿ ಆರೋಗ್ಯಲಾಭವನ್ನು ಸೂಚಿಸುತ್ತದೆ ಎಂದಿತು.

"ಹಾಗಾದ್ರೆ ನಾನು ಅಳ್ತಾ ಇರೋ ಫೋಟೋ ಹಾಕು," ಎಂದಳು ಅಮ್ಮ. ಎಂಬತ್ತು ದಾಟಿದ್ದರೂ ದಿನಾ ಬೆಳಿಗ್ಗೆ ಕಾರ್ಖಾನೆಗೆ ಬಂದು ಒಂದು ಚಿಟಿಕೆ ಮಾಲ್ಟ್ ಅಗಿದು ನೋಡದೆ ಅವಳು ಕೂರುತ್ತಿರಲಿಲ್ಲ. "ನಿನ್ನ ಎತ್ಕೊಂಡಿದ್ದೇ ತಪ್ಪಾಯ್ತಂತೆ ನೋಡು."

ಅಮ್ಮ ನಗುತ್ತಲೇ ಹೇಳಿದಳು, ಮಗಳಿಗೆ ನಗು ಬರಲಿಲ್ಲ. ಕಪ್ಪು ಬಿಯರ್ ಅಮ್ಮನ ಕೈಹದ. ಉಳಿದ ಬಿಯರುಗಳು ಬಾಟಲಿಯಲ್ಲಿ ಹೋದರೂ ಇದು ಇಷ್ಟು ವರ್ಷ ಪೀಪಾಯಿಯಲ್ಲೇ ಅಂಗಡಿಗಳಿಗೆ ಹೋಗುತ್ತಿತ್ತು. ಮೊದಲ ಬಾರಿಗೆ ಬಾಟಲಿಗೆ ತುಂಬಿ, ಅಮ್ಮನ ಮುಖ ಅಂಟಿಸಿ, ಅದನ್ನು ಅಮ್ಮನ ಕೈಗಿಡಬೇಕೆಂದು ಅವಳೂ ತಮ್ಮನೂ ಮೂರು ವರ್ಷದಿಂದ ಮಾತಾಡಿಕೊಂಡಿದ್ದರು. ಬಿಯರ್ ಕಾಸುವುದು ತಮ್ಮನ ಕೆಲಸ, ಲೇಬಲ್ ಅವಳದು. ತಮ್ಮ ತನ್ನ ಪಾಲು ಮುಗಿಸಿಯಾಗಿತ್ತು.

"ಅಕ್ಕಾ, ಇನ್ನು ಮೂರು ವಾರ," ಎಂದು ಅವನು ಟ್ಯಾಂಕಿನ ಮೈಗೆ ಬೆರಳಲ್ಲಿ ತಟ್ಟಿ ಹೇಳಿದ. "ಆಮೇಲೆ ಇದು ಹುಳಿ ತಿರುಗುತ್ತೆ. ನಾಲ್ಕು ತಿಂಗಳ ಕೆಲಸ, ಮೋರಿಗೆ ಬಿಡಬೇಕಷ್ಟೆ."

ಲೇಬಲ್ ಕಚೇರಿಗೆ ಒಂದು ಅರ್ಜಿ ನೋಡಲು ತೊಂಬತ್ತು ದಿನ ಬೇಕು. ಮೂರು ವಾರಕ್ಕೂ ತೊಂಬತ್ತು ದಿನಕ್ಕೂ ನಡುವೆ ಎಷ್ಟು ಅಂತರವಿದೆಯೋ ಅಷ್ಟರಲ್ಲಿ ತನ್ನ ಅಪರಾಧ ಆರಾಮಾಗಿ ಕೂರುತ್ತದೆ ಎಂದು ಅವಳಿಗೆ ಅವತ್ತು ಮಧ್ಯಾಹ್ನವೇ ಹೊಳೆಯಿತು. ಅಪರಾಧ ಎಂಬ ಪದವನ್ನು ಅವಳು ಮನಸ್ಸಿನಲ್ಲೂ ಮೆತ್ತಗೆ ಮಾಡಲಿಲ್ಲ. ಒಪ್ಪಿಗೆ ಪತ್ರವನ್ನು ನಕಲಿ ಮಾಡುವುದೆಂದರೆ ಕಾರ್ಖಾನೆಗೆ ಬೀಗ, ತನಗೆ ಜೈಲು. ಗೊತ್ತಿತ್ತು. ಒಂಬತ್ತು ಸಲ ತಲೆ ತಗ್ಗಿಸಿದವಳಿಗೆ ಹತ್ತನೇ ಸಲ ಕತ್ತು ಬಗ್ಗಲಿಲ್ಲ.

ಮೊದಲು ಹತ್ತನೇ ಅರ್ಜಿ ಹಾಕಿದಳು. ಚಿತ್ರವೇ ಇಲ್ಲದ, ಬರೀ ಅಕ್ಷರಗಳ ಸಪ್ಪೆ ಲೇಬಲ್. ಅದರಲ್ಲಿ ತಪ್ಪು ಹುಡುಕಲು ದೇವರೇ ಇಳಿದು ಬರಬೇಕು. ಅರ್ಜಿ ತಲುಪಿದ ದಿನವೇ ಕಚೇರಿ ಅದಕ್ಕೊಂದು ಸಂಖ್ಯೆ ಕೊಡುತ್ತದೆ, ಮುಂದೆ ಒಪ್ಪಿಗೆ ಪತ್ರದ ಮೇಲೆ ಬರುವುದೂ ಅದೇ ಸಂಖ್ಯೆ. ಸಂಖ್ಯೆ ಕೈಗೆ ಬಂತು, ಅಸಲಿ ಸಂಖ್ಯೆ. ಮೂರು ತಿಂಗಳ ನಂತರ ಅದೇ ಸಂಖ್ಯೆಯ ಅಸಲಿ ಪತ್ರವೂ ಬರುತ್ತದೆ. ಅದು ಫೈಲಿಗೆ ಸೇರುತ್ತದೆ, ನಕಲಿ ಬಾಯ್ಲರಿಗೆ ಹೋಗುತ್ತದೆ. ಅಷ್ಟರಲ್ಲಿ ಅಮ್ಮನ ಬಿಯರನ್ನು ಜನ ಕುಡಿದು ಮುಗಿಸಿರುತ್ತಾರೆ. ವಾಪಸು ಬಂದ ಬಾಟಲಿಗಳ ಲೇಬಲ್ ತೊಟ್ಟಿಯ ಬಿಸಿನೀರಿನಲ್ಲಿ ಕರಗಿ ಮುದ್ದೆಯಾಗಿರುತ್ತದೆ. ನೀರಲ್ಲಿ ಚೆನ್ನಾಗಿ ನೆನೆದ ಹೊರತು ಲೇಬಲ್ ಬಿಡಬಾರದು ಎಂಬುದೂ ಒಂದು ನಿಯಮವೇ. ಸಾಕ್ಷ್ಯವನ್ನು ಹೇಗೆ ಅಳಿಸಬೇಕೆಂದು ಸರ್ಕಾರವೇ ಬರೆದುಕೊಟ್ಟಿದೆಯಲ್ಲ ಎಂದು ಅವಳಿಗೆ ನಗು ಬಂತು.

ಕಾಗದದ ಚಿಂತೆಯೂ ಇರಲಿಲ್ಲ. ಕಚೇರಿ ತಿರಸ್ಕಾರದ ಪತ್ರವನ್ನೂ ಒಪ್ಪಿಗೆಯ ಪತ್ರವನ್ನೂ ಒಂದೇ ದಪ್ಪ ಹಳದಿ ಕಾಗದದಲ್ಲಿ ಕಳಿಸುತ್ತಿತ್ತು. ಪ್ರತಿ ತಿರಸ್ಕಾರದ ಹಿಂದೆ ಒಂದು ಖಾಲಿ ಹಾಳೆ ಪಿನ್ನು ಹಾಕಿಸಿಕೊಂಡು ಸುಮ್ಮನೆ ಬರುತ್ತಿತ್ತು, ಯಾಕೆಂದು ಯಾರಿಗೂ ಗೊತ್ತಿಲ್ಲ. ಹಾಗೆ ಒಂಬತ್ತು ಹಾಳೆ ಸೇರಿದ್ದವು. ಅವರ ಕಾಗದದಲ್ಲೇ ಅವರಿಗೆ ಉತ್ತರ.

ಮೊಹರನ್ನು ತಾನೇ ಕೊರೆದಳು. ಲೇಬಲ್ ಮುದ್ರಣದ ಅಚ್ಚುಗಳನ್ನು ಮೂವತ್ತು ವರ್ಷ ಮಾಡಿದ ಕೈಗೆ ಅದು ಎರಡು ದಿನದ ಕೆಲಸ. ಅಧಿಕಾರಿಯ ಸಹಿ ಸೊಳ್ಳೆಯನ್ನು ಉಜ್ಜಿ ಸಾಯಿಸಿದ ಗುರುತಿನಂತಿತ್ತು. ಇನ್ನೂರು ಸಲ ಅಭ್ಯಾಸ ಮಾಡಿದ ಮೇಲೆ ಅವಳ ಸೊಳ್ಳೆ ಅವನದಕ್ಕಿಂತ ಚೆನ್ನಾಗಿ ಸಾಯುತ್ತಿತ್ತು, ಬೇಕೆಂದೇ ಸ್ವಲ್ಪ ಕೆಡಿಸಿದಳು.

ಉಳಿದದ್ದು ಪತ್ರದ ಅಚ್ಚು. ಹಳೆಯ ಒಪ್ಪಿಗೆ ಪತ್ರವೊಂದನ್ನು ಯಂತ್ರದಲ್ಲಿಟ್ಟು ಪ್ರತಿ ತೆಗೆಯುವುದು ಹೆಡ್ಡರ ಕೆಲಸ. ಪ್ರತಿ ತೆಗೆದ ಅಕ್ಷರ ಭೂತಗನ್ನಡಿಯ ಕೆಳಗೆ ಚುಕ್ಕೆ ಚುಕ್ಕೆಯಾಗಿ ಒಡೆಯುತ್ತದೆ, ಪತ್ರ ನೋಡಲು ಬರುವ ತಪಾಸಕನ ಕತ್ತಿನಲ್ಲಿ ಭೂತಗನ್ನಡಿ ಇಪ್ಪತ್ತನಾಲ್ಕು ಗಂಟೆಯೂ ತೂಗಾಡುತ್ತಿರುತ್ತದೆ. ಅವಳು ಪ್ರತಿ ಸಾಲನ್ನೂ ಹೊಸದಾಗಿ ಜೋಡಿಸಿದಳು. ತಲೆಬರಹ, ಅಂಚಿನ ಗೆರೆ, ಖಾನೆಗಳು, ಎಲ್ಲ. ಪುಟದ ಅಡಿಯಲ್ಲಿ ಆರೋಗ್ಯದ ಎಚ್ಚರಿಕೆಯ ಸಾಲು ಬರಬೇಕಿತ್ತು, ಪ್ರತಿ ಬಾಟಲಿಯ ಮೇಲೂ ಇರುವ ಆ ಉದ್ದದ ಸಾಲು. ಅದನ್ನು ಜೋಡಿಸುವ ಕೆಲಸವೂ ಇರಲಿಲ್ಲ. ಸಾವಿರಾರು ಲೇಬಲ್‌ಗಳಿಗೆ ಬಳಸಿದ ಸಾಲು ಯಂತ್ರದ ನೆನಪಿನಲ್ಲಿ ಸಿದ್ಧವಾಗಿತ್ತು. ಒಂದು ಗುಂಡಿ ಒತ್ತಿದಳು, ಬಂದು ಕೂತಿತು. ಒಂಬತ್ತು ಪತ್ರಗಳಲ್ಲಿ ಎಲ್ಲದಕ್ಕೂ ಕೊಂಕು ತೆಗೆದ ಕಚೇರಿ ಆ ಒಂದು ಸಾಲಿನ ಬಗ್ಗೆ ಮಾತ್ರ ಯಾವತ್ತೂ ಚಕಾರ ಎತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ, ಕೆಲಸದವರಿಲ್ಲದಾಗ, ಒಂದೇ ಒಂದು ಪತ್ರ ಅಚ್ಚಾಯಿತು. ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಹಳೆಯ ಪತ್ರವನ್ನಿಟ್ಟು, ಅದರ ಮೇಲೆ ಹೊಸದನ್ನಿಟ್ಟು, ಜಾರದಂತೆ ಪುಟದ ಅಡಿಭಾಗದ ಮೇಲೆ ಉಕ್ಕಿನ ಅಳತೆಪಟ್ಟಿಯನ್ನು ಅಡ್ಡಲಾಗಿ ಹೇರಿದಳು. ಗೆರೆಯ ಮೇಲೆ ಗೆರೆ, ಖಾನೆಯ ಮೇಲೆ ಖಾನೆ. ಅಸಲಿಗೂ ತನ್ನದಕ್ಕೂ ನಡುವೆ ಒಂದು ಎಳೆ ಬೆಳಕೂ ತೂರಲಿಲ್ಲ. ಪತ್ರದ ನಡುವಿನ ಚೌಕದಲ್ಲಿ ಲೇಬಲ್ ಅಂಟಿಸಿದಳು: ಅಮ್ಮ, ಸಲಿಕೆ, ಸೊಂಟದ ಮೇಲೆ ಹೆಬ್ಬೆರಳು ಚೀಪುವ ಮಗು. ಮೊಹರನ್ನು ಅರ್ಧ ಲೇಬಲ್ ಮೇಲೆ, ಅರ್ಧ ಕಾಗದದ ಮೇಲೆ ಬರುವಂತೆ ಒತ್ತಿದಳು. 'ಗಟ್ಟಿ'ಯನ್ನೂ ವಾಪಸು ಸೇರಿಸಿದ್ದಳು. ಮಾಡುವುದೇ ಆದರೆ ಪೂರ್ತಿ ಮಾಡಬೇಕು.

ಸೋಮವಾರ ಪತ್ರ ತೋರಿಸಿದಾಗ ತಮ್ಮ ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟ. "ಮಗು ಸಮೇತ ಒಪ್ಪಿದ್ರಾ? ಏನು ಮಾಡಿದೆ ಅಕ್ಕಾ?"

"ಮಾತಾಡೋ ಥರ ಮಾತಾಡಿದೆ," ಎಂದಳು. ಅವನಿಗೆ ನಿಜ ಹೇಳುವ ಯೋಚನೆ ಇರಲಿಲ್ಲ. ಸಿಕ್ಕಿಬಿದ್ದರೆ ಒಬ್ಬಳೇ ಬೀಳುತ್ತಾಳೆ, ಆ ಲೆಕ್ಕವನ್ನೂ ಅವಳು ಮೊದಲೇ ಹಾಕಿದ್ದಳು. ಸಿಕ್ಕಿಬೀಳುವ ಮಾತಿರಲಿಲ್ಲ ಬಿಡಿ.

ಯಾಕೆಂದರೆ ದಾಟಬೇಕಾದ ಕಣ್ಣು ಒಂದೇ, ತಪಾಸಕನದು. ಹೊಸ ಬಿಯರ್ ಬಾಗಿಲು ದಾಟುವ ಮುನ್ನ ಅವನು ಬಂದು ಬಾಟಲಿಯನ್ನೂ ಪತ್ರವನ್ನೂ ತಾಳೆ ನೋಡಬೇಕು. ಅವನ ಪುಸ್ತಕದಲ್ಲಿ ಅರ್ಜಿಯ ಸಂಖ್ಯೆಯೂ ಕಾರ್ಖಾನೆಯ ಹೆಸರೂ ಮಾತ್ರ ಇರುತ್ತಿತ್ತು, ಚಿತ್ರಗಿತ್ರ ಇಲ್ಲ. ಕಚೇರಿಯವರ ಮುಖವನ್ನು ಅವನು ಕಂಡದ್ದೂ ಕಡಿಮೆ. ಒಳ್ಳೆಯ ಮನುಷ್ಯ, ಸ್ವಲ್ಪ ಜಂಬದವನು. ಐವತ್ತೆಂಟಾದರೂ ಕನ್ನಡಕ ಮಾಡಿಸಿಕೊಂಡಿರಲಿಲ್ಲ. ಲೇಬಲ್ ನೋಡಲು ಭೂತಗನ್ನಡಿ ಇದೆ, ಉಳಿದದ್ದಕ್ಕೆ ಕಣ್ಣು ಚೆನ್ನಾಗಿದೆ ಎನ್ನುತ್ತಿದ್ದ. ಎಂದವನೇ ಪತ್ರದ ಸಣ್ಣಕ್ಷರ ತಾಳೆ ನೋಡಲು ಕೂತಾಗ, "ಅಜ್ಜಿ, ಒಂದ್ನಿಮಿಷ ನಿಮ್ಮದು ಕೊಡಿ," ಎಂದು ಅಮ್ಮನ ಓದುವ ಕನ್ನಡಕ ಇಸಿದುಕೊಂಡು ಮೂಗಿನ ತುದಿಗೆ ಏರಿಸುತ್ತಿದ್ದ. ವರ್ಷಗಳಿಂದ ನಡೆದ ನಾಟಕ. ಅಮ್ಮ ಅವನು ಕೇಳುವ ಮೊದಲೇ ಬಿಚ್ಚಿ ಹಿಡಿದಿರುತ್ತಿದ್ದಳು.

ಅವನು ಬಂದದ್ದು ಗುರುವಾರ ಬೆಳಿಗ್ಗೆ ಹತ್ತಕ್ಕೆ. ಪೆಟ್ಟಿಗೆಗಳನ್ನು ಬಾಗಿಲವರೆಗೆ ಪೇರಿಸಲಾಗಿತ್ತು, ಹೊರಗೆ ಲಾರಿ ನಿಂತಿತ್ತು. ಅಮ್ಮ ತನ್ನ ಮುಖವಿದ್ದ ಮೊದಲ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ಆಗಾಗ ಬಾಟಲಿಯ ಮೇಲಿನ ಮಗುವನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು. ಅದನ್ನು ನೋಡಿದಾಗ ಮಗಳಿಗೆ ಒಂದಿಷ್ಟೂ ಪಶ್ಚಾತ್ತಾಪ ಉಳಿಯಲಿಲ್ಲ. ಬೇಕಾದರೆ ನಾಳೆಯೂ ಮಾಡುತ್ತೇನೆ ಅಂದುಕೊಂಡಳು.

ತಪಾಸಕ ಭೂತಗನ್ನಡಿಯನ್ನು ಬಾಟಲಿಗೆ ಒತ್ತಿ ಅಳೆದ. ಅಂಕಿಯ ಎತ್ತರ ಸರಿ. ಅಳತೆ, ವಿಳಾಸ, ಮಾಲ್ಟ್ ಪಾನೀಯ, ಸರಿ. ಚಿತ್ರ ನೋಡಿ ಹುಬ್ಬೇರಿಸಿದ. "ಮಗು ಇರೋಕೆ ಬಿಟ್ರಾ? ಕಚೇರಿಯವರಿಗೆ ಏನೋ ಜ್ಞಾನೋದಯ ಆಗಿದೆ." ಪತ್ರದ ಸಂಖ್ಯೆಯನ್ನು ಪುಸ್ತಕಕ್ಕೆ ಹಿಡಿದ, ಸರಿ. ಮೊಹರಿನ ಮೇಲೂ ಸಹಿಯ ಮೇಲೂ ಭೂತಗನ್ನಡಿ ಆಡಿಸಿದ. ಚುಕ್ಕೆಯಿಲ್ಲ, ಒಡಕಿಲ್ಲ. ಅವಳ ಎದೆ ಒಂದು ಬಡಿತವನ್ನೂ ಹೆಚ್ಚಿಗೆ ಬಡಿಯಲಿಲ್ಲ. ಅವನು ಪೆನ್ನಿನ ಮುಚ್ಚಳ ತೆಗೆದ.

"ಕೊನೇ ಸಾಲೊಂದು ಆಗಿಬಿಡ್ಲಿ," ಎಂದ. "ನೀವು ಬಾಟಲಿ ಓದಿ, ನಾನು ಪತ್ರ ನೋಡ್ತೀನಿ."

ಅವಳು ಎಚ್ಚರಿಕೆಯ ಸಾಲನ್ನು ಓದತೊಡಗಿದಳು. ಅವನೂ ಪತ್ರ ನೋಡುತ್ತ ಅವಳ ದನಿಗೆ ದನಿ ಸೇರಿಸಿದ, ಅವಳಿಗಿಂತ ಎರಡು ಪದ ಮುಂದೆಯೇ ಓಡಿ ಸಾಲನ್ನು ಮುಗಿಸಿದ. ಆಮೇಲೆ ತಲೆಯೆತ್ತಿದವನಿಗೆ ಅಮ್ಮ ಮೇಜಿನಾಚೆಯಿಂದ ಎಂದಿನಂತೆ ಚಾಚಿದ ಕೈ ಕಂಡಿತು, ಕೈಯಲ್ಲಿ ಕನ್ನಡಕ. "ಅಜ್ಜಿ, ಅದು ಇನ್ನೂ ನಿಮ್ಮ ಕೈಲೇ ಇದೆಯಲ್ಲಾ," ಎಂದ, ಅರ್ಧ ತನಗೇ ಹೇಳಿಕೊಂಡಂತೆ. ಪತ್ರವನ್ನು ಇನ್ನಷ್ಟು ದೂರ ಹಿಡಿದು ನೋಡಿದ, ಆಗಲೂ ಕನ್ನಡಕವಿಲ್ಲದೆ ಓದಲು ಬಂತು. ಪೆನ್ನು ಮುಚ್ಚಿ, ಕಪಾಟಿನ ಫೈಲಿನಿಂದ ಹಳೆಯ ಒಪ್ಪಿಗೆ ಪತ್ರವೊಂದನ್ನು ತೆಗೆದು ಪಕ್ಕದಲ್ಲಿಟ್ಟು, ಎರಡರ ಕೊನೆಯ ಸಾಲಿನ ಮೇಲೂ ಭೂತಗನ್ನಡಿ ಇಟ್ಟು ಅಳೆದ. ಹಳೆಯದು ಒಂದೂಕಾಲು ಮಿಲಿಮೀಟರ್. ಅವಳದು ಎರಡು, ಎಚ್ಚರಿಕೆಯ ಅಕ್ಷರ ಅದಕ್ಕಿಂತ ಚಿಕ್ಕದಿರಕೂಡದೆಂದು ಕಚೇರಿ ಊರಿಗೆಲ್ಲ ವಿಧಿಸಿ, ತನ್ನ ಪತ್ರದಲ್ಲಿ ತಾನು ಒಂದು ದಿನವೂ ಪಾಲಿಸದ ಎರಡು. ಲೇಬಲ್ ಯಂತ್ರದ ನೆನಪಿನಿಂದ ಗುಂಡಿ ಒತ್ತಿ ಕರೆದ ಸಾಲು ಲೇಬಲ್ಲಿನ ಅಳತೆಯಲ್ಲೇ ಬಂದು ಕೂತಿತ್ತು, ಗಾಜಿನ ಮೇಜಿನ ಮೇಲೆ ಅದರ ಮೇಲೆಯೇ ಉಕ್ಕಿನ ಪಟ್ಟಿ ಮಲಗಿತ್ತು. ಸರಿಯಾಗಿಯೇ ಇದೆಯಲ್ಲ ಎಂದು ಅವಳ ನಾಲಿಗೆಯ ತುದಿಗೆ ಬಂತು. "ಇಪ್ಪತ್ತಾರು ವರ್ಷದ ನೌಕರಿಯಲ್ಲಿ," ಎಂದ ತಪಾಸಕ, ಕುರ್ಚಿ ಎಳೆದುಕೊಂಡು ನಿಧಾನವಾಗಿ ಕೂರುತ್ತ, "ನಿಯಮದ ಪ್ರಕಾರ ಇರೋ ಒಪ್ಪಿಗೆ ಪತ್ರ ನಾನು ನೋಡ್ತಾ ಇರೋದು ಇದೇ ಮೊದಲು."