ಎಪ್ಪತ್ತೈದು ಲಕ್ಷದ ಅಂಜಿಕೆ

"ನಿಮಗ ಅಂಜಿಕಿ ಇಲ್ಲೇನ್ರಿ?"

ಮೇಜಿನಾಚೆ ಕುಳಿತಿದ್ದವನು ಕಾಗದಗಳಿಂದ ತಲೆ ಎತ್ತದೆಯೇ ಕೇಳಿದ.

"ಇಲ್ಲರಿ," ಎಂದಳು ಸುಮೇಧಾ.

ಅದು ಸುಳ್ಳೆಂದು ಅವಳಿಗೇ ಗೊತ್ತಿತ್ತು.

ಅವನು ಫೈಲು ಮುಚ್ಚಿ ಅವಳತ್ತ ಸರಿಸಿದ. "ಹಂಗಾರ ಮನಿಗಿ ಹೋಗ್ರಿ. ಅಂಜಿಕಿ ಇಲ್ಲದವರಿಗಿ ನಾ ಏನೂ ಹೇಳಂಗಿಲ್ಲ."

ಸುಮೇಧಾಳ ಮುಖ ಕೆಂಪಾಯಿತು. ಎಂಥ ಮನುಷ್ಯ ಇವನು? ಹುಮನಾಬಾದಿನಿಂದ ಬಸವಕಲ್ಯಾಣದವರೆಗೆ ಬಂದದ್ದು ಈ ಮಾತು ಕೇಳುವುದಕ್ಕಾ...

ಅವನ ಹೆಸರು ಅಜೀತ. ಬಸ್ ನಿಲ್ದಾಣದ ಹಿಂದಿನ ಮಾಳಿಗೆ ಕೋಣೆಯಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರದ ಟ್ಯೂಷನ್ ಹೇಳುತ್ತಿದ್ದ. ಆದರೆ ಊರವರಿಗೆ ಅವನು ಗೊತ್ತಿದ್ದದ್ದು ಬೇರೆ ಕಾರಣಕ್ಕೆ. ಅವರು ಕಂಡಂತೆ ವಿಮಾನ ಹಾರಿಸುವ ಲೈಸೆನ್ಸ್ ಪಡೆದವನು ಅವನೊಬ್ಬನೇ. ಲೈಸೆನ್ಸ್ ಬಂದು ಎರಡು ವರ್ಷವಾಗಿತ್ತು. ನೌಕರಿ ಸಿಕ್ಕಿರಲಿಲ್ಲ.

ಸುಮೇಧಾ ಇಪ್ಪತ್ತೆರಡರ ಬಿಎಸ್ಸಿ ಪದವೀಧರೆ. ಪೈಲಟ್ ತರಬೇತಿ ಶಾಲೆಯೊಂದರ ಪ್ರವೇಶ ಪತ್ರ ಕೈಯಲ್ಲಿತ್ತು; ಸೇರುವ ಮೊದಲು ಅವನನ್ನು ಕೇಳಲು ಬಂದಿದ್ದಳು. ತಂದೆ ದತ್ತಾತ್ರಿ ಹುಮನಾಬಾದ್ ಡಿಪೋದಲ್ಲಿ ಮೂವತ್ತು ವರ್ಷದಿಂದ ಬಸ್ ಓಡಿಸುತ್ತಿದ್ದವರು. ಮಗಳ ಆಸೆ ಕೇಳಿದ ದಿನ, ಘಾಟಬೋರಾಳದ ಮೂರು ಎಕರೆ ಹೊಲ ಮಾರುತ್ತೇನೆ ಎಂದುಬಿಟ್ಟಿದ್ದರು. ಅವತ್ತಿನಿಂದ ಸುಮೇಧಾ ಊಟಕ್ಕೆ ಕುಳಿತರೂ ಆ ಹೊಲವೇ ಕಣ್ಣೆದುರು ಬರುತ್ತಿತ್ತು.

ಎದ್ದು ಹೊರಟವಳು ಬಾಗಿಲಲ್ಲಿ ನಿಂತಳು.

"ಅಂಜಿಕಿ ಅದರಿ," ಎಂದಳು ಮೆಲ್ಲಗೆ. "ನನ್ನಪ್ಪನ ಹೊಲದ ಅಂಜಿಕಿ."

ಅಜೀತ ಮೊದಲ ಬಾರಿ ಅವಳನ್ನು ನೇರವಾಗಿ ನೋಡಿದ. ಆಮೇಲೆ ಕುರ್ಚಿ ತೋರಿಸಿ, ಒಂದು ಬಿಳಿ ಹಾಳೆ ಎಳೆದುಕೊಂಡ.

ತರಬೇತಿಗೆ ಐವತ್ತಾರು ಲಕ್ಷ. ಲೈಸೆನ್ಸ್ ಬಂದ ಮೇಲೆ ದೊಡ್ಡ ವಿಮಾನ ಕಲಿಯಲು ಮತ್ತೆ ಹತ್ತೊಂಬತ್ತು. ಅದರಲ್ಲಿ ನಲವತ್ತು ಲಕ್ಷ ಬ್ಯಾಂಕಿನದಾದರೆ ತಿಂಗಳ ಕಂತು ಹತ್ತಿರ ಹತ್ತಿರ ಐವತ್ತೈದು ಸಾವಿರ, ಹತ್ತು ವರ್ಷ. ನೌಕರಿ ಸಿಕ್ಕರೆ ಸುರುವಿಗೇ ಒಂದೂವರೆ ಲಕ್ಷ ಪಗಾರ, ಆಮೇಲೆ ಏರುತ್ತ ಹೋಗುತ್ತದೆ. ಆದರೆ ಅದು ಕೆಲವರಿಗೆ ಆರು ತಿಂಗಳಲ್ಲಿ ಸಿಗುತ್ತದೆ, ಕೆಲವರಿಗೆ ಮೂರು ವರ್ಷವಾದರೂ ಇಲ್ಲ.

"ಪಗಾರ ಛಲೋ ಅದ," ಎಂದ ಅವನು. "ಆದ್ರ ಪಗಾರಕ್ಕಿಂತ ಮೊದಲ ಒಂದು ಖಾಲಿ ಕಾಲ ಬರತದ, ಕಂತು ಕಟ್ಟಬೇಕು, ಪಗಾರ ಇರಂಗಿಲ್ಲ. ಆ ದಿನದಾಗ ನಿಮ್ಮ ಮನ್ಯಾಗ ಯಾರು ಏನು ಉಣ್ಣತಾರ, ಅದು ಬರಕೊಂಡು ಬರ್ರಿ. ಆಮ್ಯಾಲ ಮಾತಾಡೋಣ."

ಮನೆಗೆ ಹೋಗುವ ಬಸ್ಸಿನುದ್ದಕ್ಕೂ ಆ ಹಾಳೆ ಅವಳ ಮಡಿಲಲ್ಲಿತ್ತು. ಇಷ್ಟು ಕಟುವಾಗಿ ಯಾರೂ ಅವಳ ಜೊತೆ ಮಾತಾಡಿರಲಿಲ್ಲ. ಇಷ್ಟು ನಿಜವಾಗಿಯೂ ಯಾರೂ ಮಾತಾಡಿರಲಿಲ್ಲ...

ಮುಂದಿನ ಭಾನುವಾರ ಬರೆದುಕೊಂಡು ಹೋದಳು. ಅಜೀತ ಓದಿ, ಒಂದು ದಾರಿ ಹೇಳಿದ. ಹಾರುವ ಮೊದಲೇ ಬರೆಯಬಹುದಾದ ಪರೀಕ್ಷೆಗಳಿವೆ: ಹವಾಮಾನ, ದಿಕ್ಕು ಲೆಕ್ಕ, ಕಾಯ್ದೆ. ಅವಕ್ಕೆ ಲಕ್ಷಗಳು ಬೇಕಿಲ್ಲ. ಮೊದಲು ಅವು ಮುಗಿಯಲಿ, ಪ್ರವೇಶವನ್ನು ಆರು ತಿಂಗಳು ಮುಂದೂಡಿ ಎಂದ. ಶಾಲೆ ಒಪ್ಪಿತು. ಪ್ರತಿ ಭಾನುವಾರ ಅವನೇ ಪಾಠ ಹೇಳತೊಡಗಿದ. ಫೀಸಿನ ಮಾತೆತ್ತಿದರೆ ಸಿಟ್ಟಾಗುತ್ತಿದ್ದ.

ಗಾಳಿಗೆ ಎದುರಾಗಿ ಹೋಗುವ ವಿಮಾನ ಎಷ್ಟು ಹೊತ್ತಿಗೆ ಊರು ಮುಟ್ಟುತ್ತದೆ ಎಂದು ಲೆಕ್ಕ ಮಾಡುತ್ತಲೇ ಸುಮೇಧಾಳ ಮನಸ್ಸು ಅವನ ಕಡೆ ಸರಿದದ್ದು ಅವಳಿಗೆ ತಿಳಿಯಲೇ ಇಲ್ಲ. ಸಂಜೆ ಬಸ್ಸು ಹೊರಡುವವರೆಗೂ ಅವನು ಕಿಟಕಿಯ ಕೆಳಗೆ ನಿಂತಿರುತ್ತಿದ್ದ. ಅವಳಿಗೆ ಅದೇ ವಾರವಿಡೀ ಸಾಕಾಗುತ್ತಿತ್ತು.

ಒಂದು ಸಂಗತಿ ಮಾತ್ರ ಅರ್ಥವಾಗುತ್ತಿರಲಿಲ್ಲ. ಬೀದರ್ ಕಡೆಯಿಂದ ವಾಯುಪಡೆಯ ವಿಮಾನ ಗುಡುಗುತ್ತ ಬಂದರೆ ಮಕ್ಕಳೆಲ್ಲ ಕಿಟಕಿಗೆ ಓಡುತ್ತಿದ್ದರು. ಅಜೀತ ತಲೆ ಎತ್ತುತ್ತಿರಲಿಲ್ಲ. ನೌಕರಿ ಸಿಗದ ನೋವು, ಪಾಪ, ಅಂದುಕೊಂಡಿದ್ದಳು.

ನಾಲ್ಕನೇ ತಿಂಗಳಲ್ಲಿ ತರಬೇತಿ ಶಾಲೆಯವರು ಅರ್ಧ ಗಂಟೆ ಹಾರಿಸಿ ತೋರಿಸಲು ಕರೆದರು. ತಂದೆಯ ಜೊತೆ ಹೋದಳು. ನೆಲ ಬಿಟ್ಟಾಗ ಎದೆ ಕುಣಿಯಿತು. ಆದರೆ ರೆಕ್ಕೆ ವಾಲಿ, ಹೊಲಗಳು ಗೋಡೆಯ ಹಾಗೆ ಪಕ್ಕದಲ್ಲಿ ಎದ್ದು ನಿಂತಾಗ, ಅವಳು ಸೀಟಿನ ಅಂಚು ಬಿಗಿಯಾಗಿ ಹಿಡಿದಳು. ಶಿಕ್ಷಕಿ ವಿಮಾನ ತಿರುಗಿಸುವ ಹಿಡಿಕೆ ಹಿಡಿಯಲು ಹೇಳಿದರು. ಕೈ ಏಳಲಿಲ್ಲ.

ಕೆಳಗಿಳಿದಾಗ ದತ್ತಾತ್ರಿ ಬೇಲಿಯ ಪಕ್ಕ ಕಣ್ಣು ತುಂಬಿಕೊಂಡು ನಿಂತಿದ್ದರು. ಛಲೋ ಇತ್ತಪ್ಪ ಎಂದಳು ಸುಮೇಧಾ.

ಆ ರಾತ್ರಿಯಿಂದ ನಿದ್ದೆ ಹೋಯಿತು. ಹೊಲ ಹೋದ ಮೇಲೆ ನನ್ನ ಕೈ ಏಳದಿದ್ದರೆ? ಎಪ್ಪತ್ತೈದು ಲಕ್ಷ ಸುರಿದು, ಅಂಜಿಕೆಯಿಂದ ವಾಪಸು ಬಂದರೆ ಅಪ್ಪನ ಮುಖ ಹೇಗೆ ನೋಡಲಿ? ಅಜೀತನ ಮುಂದೆಯೂ ಬಾಯಿ ಬಿಡಲಿಲ್ಲ.

ಹೊಲ ಮಾರುವ ಕರಾರಿಗೆ ಎರಡು ದಿನ ಉಳಿದಿತ್ತು. ದತ್ತಾತ್ರಿ ಡ್ಯೂಟಿಯಿಂದ ಬಂದವರು ನೀರು ಕುಡಿಯುತ್ತ, ಅಜೀತ ಫೋನ್ ಮಾಡಿದ್ದ, ಹೊಲ ಮಾರಬ್ಯಾಡ್ರಿ ಅಂದ, ಎಂದರು. ಮತ್ತೇನು ಹೇಳಿದ ಎಂದು ಕೇಳಿದರೆ ತಲೆ ತಗ್ಗಿಸಿದರು. ತಾಯಿ ಕಮಳಾಬಾಯಿ ರೊಟ್ಟಿ ಬಡಿಯುವ ಕೈ ನಿಲ್ಲಿಸಿದರು.

ಸುಮೇಧಾ ಎದುರಿನ ಪುಸ್ತಕ ಸರಿಸಿ ಎದ್ದಳು. ನನಗೆ ಹೇಳದೆ, ನನ್ನ ಅಪ್ಪನಿಗೆ...? ನನ್ನಿಂದ ಆಗುವುದಿಲ್ಲ ಎಂದು ಅವನಿಗೂ ಅನ್ನಿಸಿತಾ?

ಮರುದಿನ ಮೊದಲ ಬಸ್ಸಿಗೇ ಬಸವಕಲ್ಯಾಣಕ್ಕೆ ಹೋದಳು. ಕೋಣೆಯಲ್ಲಿ ಅವನೊಬ್ಬನೇ ಇದ್ದ.

"ನೀವು ಹಾರಲಿಲ್ಲಂತ ನಾನೂ ಹಾರಬಾರದೇನ್ರಿ?" ಅವಳು ಬಾಗಿಲಲ್ಲೇ ನಿಂತು ಕೇಳಿದಳು. "ನಿಮಗ ನೌಕರಿ ಸಿಗಲಿಲ್ಲ. ಅದು ನನ್ನ ತಪ್ಪಾ?"

ಅಜೀತ ಎದ್ದು ಕಿಟಕಿ ಮುಚ್ಚಿದ.

"ನೌಕರಿ ಸಿಗಲಿಲ್ಲಂತ ಯಾರು ಹೇಳಿದ್ರು?" ಎಂದ. "ನಾನೇ ಹೇಳಕೋತ ಬಂದೀನಿ. ಕಂಪನಿಯವರು ಎರಡು ಸಲ ಕರದ್ರು, ಸುಮೇಧಾ. ನಾ ಹೋಗಲಿಲ್ಲ."

ಆಮೇಲೆ ಹೇಳಿದ. ತರಬೇತಿಯ ಕೊನೆಯ ತಿಂಗಳು, ಒಬ್ಬನೇ ಹಾರುವಾಗ ಇಂಜಿನ್ ನಿಂತಿತ್ತು. ಸುತ್ತಲೂ ಇದ್ದಕ್ಕಿದ್ದಂತೆ ಗಾಳಿಯ ಸದ್ದಷ್ಟೇ. ಕಡಲೆ ಹೊಲವೊಂದರಲ್ಲಿ ಹೇಗೋ ಇಳಿಸಿದ. ಮೈಗೆ ಒಂದು ಗೀರೂ ಆಗಲಿಲ್ಲ. ಉಳಿದ ತಾಸುಗಳನ್ನು ಹಲ್ಲು ಕಚ್ಚಿ ಮುಗಿಸಿ ಲೈಸೆನ್ಸ್ ತಂದ. ಆಮೇಲೆ ಹತ್ತಲು ಆಗಲಿಲ್ಲ. ನಾರಾಯಣಪುರದ ಹೊಲ ಮಾರಿ ಓದಿಸಿದ ತಾಯಿ ಗಂಗುಬಾಯಿಗೆ ಇವತ್ತಿಗೂ ಇದು ಗೊತ್ತಿಲ್ಲ. ಮಗನಿಗೆ ನೌಕರಿ ಸಿಗಲಿ ಎಂದು ದಿನಾ ಬುದ್ಧ ವಿಹಾರಕ್ಕೆ ಹೋಗಿ ಮೇಣದಬತ್ತಿ ಹಚ್ಚಿ ಬರುತ್ತಾಳೆ.

ಸುಮೇಧಾಳ ಸಿಟ್ಟು ಎಲ್ಲಿ ಹೋಯಿತೋ. ನಿಂತಲ್ಲೇ ಕುಳಿತುಬಿಟ್ಟಳು.

"ನನ್ನ ಕೈನೂ ಏಳಲಿಲ್ಲ," ಎಂದಳು. "ಅವತ್ತು, ಮ್ಯಾಲ. ಯಾರಿಗೂ ಹೇಳಿಲ್ಲ ನಾ."

"ಗೊತ್ತದ. ಅವತ್ತಿನಿಂದ ನೀವು ಪ್ರಶ್ನಾ ಕೇಳೋದು ಬಿಟ್ಟೀರಿ."

ಅದಕ್ಕೇ ಫೋನ್ ಮಾಡಿದ್ದು ಎಂದ. ಮಗಳನ್ನು ಕಳಿಸಬೇಡಿ ಎಂದು ಅವನು ಹೇಳಿರಲಿಲ್ಲ. ಮೂರೂ ಎಕರೆ ಒಂದೇ ಸಲ ಮಾರಬೇಡಿ, ಪರೀಕ್ಷೆ ಮುಗಿಯಲಿ, ದೊಡ್ಡ ವೈದ್ಯಕೀಯ ತಪಾಸಣೆ ಪಾಸಾಗಲಿ, ಹತ್ತು ತಾಸು ಹಾರಲಿ, ಶಾಲೆಗೆ ಹಂತ ಹಂತವಾಗಿ ಕಟ್ಟಿ ಎಂದಿದ್ದ. ದತ್ತಾತ್ರಿ ಅರ್ಧ ಮಾತನ್ನಷ್ಟೇ ಮನೆಗೆ ತಂದಿದ್ದರು.

ಉಳಿದ ಮಾತು ಯಾಕೆ ಹೇಳಲಿಲ್ಲ ಎಂದು ಸಂಜೆ ಸುಮೇಧಾ ತಂದೆಯನ್ನು ಕೇಳಿದಳು. ಮೂವತ್ತು ವರ್ಷ ಘಾಟಿಯ ತಿರುವಿನಲ್ಲೂ ಸ್ಟೇರಿಂಗ್ ಬಿಗಿಹಿಡಿದ ಮನುಷ್ಯ ಮಗುವಿನಂತೆ ಅತ್ತರು. ನೀ ಮೇಲಿದ್ದ ಆ ಅರ್ಧ ತಾಸು ನನ್ನ ಜೀವ ನನ್ನ ಹತ್ತಿರ ಇರಲಿಲ್ಲವ್ವ ಎಂದರು. ಎಲ್ಲರೂ ಒಬ್ಬರಿಂದೊಬ್ಬರು ಅಂಜಿಕೆ ಮುಚ್ಚಿಟ್ಟುಕೊಂಡೇ ಇಷ್ಟು ದಿನ ಕಳೆದಿದ್ದರು.

ಆ ಭಾನುವಾರ ಅವಳು ಅಜೀತನಿಗೆ ಒಂದು ಷರತ್ತು ಹಾಕಿದಳು. ಅವನು ಮತ್ತೆ ವಿಮಾನ ಹತ್ತಿದರೆ ಮಾತ್ರ ತಾನು ಶಾಲೆಗೆ ಸಹಿ ಹಾಕುವುದು. ಎರಡು ವಾರ ಉತ್ತರ ಬರಲಿಲ್ಲ. ಮೂರನೇ ವಾರ ಗಂಗುಬಾಯಿಗೆ ಎಲ್ಲ ಹೇಳಿ, ಮತ್ತೆ ಹಾರಲು ಹೈದರಾಬಾದಿನ ರೈಲು ಹತ್ತಿದ.

ಸುಲಭವೇನೂ ಆಗಲಿಲ್ಲ. ಪಕ್ಕದಲ್ಲಿ ಶಿಕ್ಷಕರನ್ನು ಕೂರಿಸಿಕೊಂಡು ಹಾರಿದ ಮೊದಲ ದಿನ ಅಜೀತ ಕೆಳಗಿಳಿದು ವಾಂತಿ ಮಾಡಿಕೊಂಡ. ಲೈಸೆನ್ಸ್ ನವೀಕರಿಸಿ, ಸಾಲ ಮಾಡಿ ದೊಡ್ಡ ವಿಮಾನ ಕಲಿತ. ಒಂದು ಕಂಪನಿ ಬೇಡ ಎಂದಿತು, ಮತ್ತೊಂದು ತೆಗೆದುಕೊಂಡಿತು. ಇತ್ತ ಸುಮೇಧಾ ಎಲ್ಲ ಪರೀಕ್ಷೆ ಪಾಸಾಗಿ ಶಾಲೆಗೆ ಸಹಿ ಹಾಕಿದಳು. ಮೊದಲ ಹಂತಕ್ಕೆ ದತ್ತಾತ್ರಿ ಒಂದೇ ಎಕರೆ ಮಾರಿದರು, ಉಳಿದದ್ದು ಬ್ಯಾಂಕ್ ಕೊಟ್ಟಿತು. ಮೊದಲ ಹತ್ತು ತಾಸು ಅವಳು ಅಂಜುತ್ತಲೇ ಹಾರಿದಳು. ಆದರೆ ಕೈ ಎದ್ದಿತು.

ಅವಳು ಮೊದಲ ಬಾರಿ ಒಬ್ಬಳೇ ಹಾರಿ ಇಳಿದ ದಿನ, ಶಾಲೆಯ ಗೇಟಿನ ಹೊರಗೆ ಅಜೀತ ನಿಂತಿದ್ದ. ಬರುತ್ತೇನೆಂದು ಹೇಳಿರಲಿಲ್ಲ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ಏಳು ನಿಮಿಷ ಇದ್ರಿ ಮ್ಯಾಲ," ಎಂದ. "ನಾ ಹಾರುವಾಗ ಸುದ್ದಾ ಇಷ್ಟು ಅಂಜಿಲ್ಲ."

ಸುಮೇಧಾಳಿಗೆ ನಗು, ಅಳು ಒಟ್ಟಿಗೇ ಬಂದವು.

"ಮುಂದಿನ ತಿಂಗಳಿಂದ ಪಗಾರ ಸುರು ಆಗತದ," ಅಜೀತ ನೆಲ ನೋಡುತ್ತ ಹೇಳಿದ. "ಅರ್ಧ ಸಾಲಕ್ಕ ಹೋಗತದ. ಉಳಿದದ್ದರಾಗ ಅವ್ವ, ನಾನು... ನೀವು ಹೂಂ ಅಂದ್ರ, ನೀವು."

"ನನ್ನ ಸಾಲ ಈಗ ಸುರು ಆಗ್ಯದರಿ. ಲೈಸೆನ್ಸ್ ಬರಲಾಕ ಇನ್ನೂ ವರ್ಷ ಬೇಕು. ನೌಕರಿ ಯಾವಾಗೋ ಗೊತ್ತಿಲ್ಲ."

"ಕಾಯತೀನಿ."

"ದಿನಾ ಹಿಂಗೇ ಅಂಜಬೇಕಾಗತದ. ನನಗ ನಿಮ್ಮದು, ನಿಮಗ ನಂದು."

"ಅಂಜತೀನಿ," ಎಂದ ಅಜೀತ.

ಸುಮೇಧಾ ಅವನ ಕೈ ಹಿಡಿದಳು. ಬಿಡಲಿಲ್ಲ.

"ಗುರುವಾರ ಅಪ್ಪಗ ರಜಾ ಅದ," ಎಂದಳು. "ನಿಮ್ಮ ಅವ್ವನ್ನ ಕರಕೊಂಡು ಹುಮನಾಬಾದಿಗಿ ಬರ್ರಿ."