ಅಜ್ಜಿಗೆ ಸುಸ್ತಾಗಿದೆ

ಇದನ್ನು ಹೇಳಿದ ವಸುಧಾ ಸುಳ್ಳು ಹೇಳುವವಳಲ್ಲ. ಕಳೆದ ಅಕ್ಟೋಬರಿನ ಸಂಜೆ ಅವಳು, ಗಂಡ ತರುಣ್, ಪುಟ್ಟ ಮಗಳು ಗಾರ್ಗಿ ಅಮೆರಿಕದ ಪ್ಲೆಸೆಂಟನ್ನಿನ ಗುಡ್ಡದ ದಾರಿಯಲ್ಲಿ ವಾಕಿಂಗ್ ಹೋಗಿದ್ದರು. ಹಿಂದೆ ಯಾರೋ ಕಾಲೆಳೆದುಕೊಂಡು ಬರುತ್ತಿರುವಂತೆ ಒಣ ಎಲೆಗಳ ಸದ್ದು. ಇವರು ನಿಂತರೆ ಅದು ಒಂದು ಹೆಜ್ಜೆ ತಡವಾಗಿ ನಿಲ್ಲುತ್ತಿತ್ತು. ತಿರುಗಿದರೆ ಯಾರೂ ಇಲ್ಲ.

"ಅಮ್ಮಾ, ಸ್ಲೋ ಡೌನ್. ಅಜ್ಜಿ ಈಸ್ ಟಯರ್ಡ್," ಎಂದಳು ಗಾರ್ಗಿ.

"ಯಾವ ಅಜ್ಜಿನೇ, ಪುಟ್ಟಾ?"

ಮಗು ನಗುತ್ತಾ ಖಾಲಿ ದಾರಿಯತ್ತ ಕೈ ಚಾಚಿತು. ವಸುಧಾಳ ಮೈ ಜುಮ್ಮೆಂದಿತು. ಆದರೂ ಆ ಕಾಣದ ಅಜ್ಜಿಯನ್ನು ಬಿಟ್ಟುಹೋಗಲು ಮನಸ್ಸಾಗದೆ ನಡಿಗೆ ನಿಧಾನ ಮಾಡಿದಳು.

ವಾಕಿಂಗ್ ಮುಗಿಸಿ ಮನೆಗೆ ಕಾರು ಹೊರಟಾಗ, ಗಾರ್ಗಿಯ ಪಕ್ಕದ ಖಾಲಿ ಸೀಟಿಗೆ ಬೆಲ್ಟು ಹಾಕಿಲ್ಲವೆಂದು ಬೀಪ್ ಶುರುವಾಯಿತು.

"ಸೆನ್ಸರು ಕೆಟ್ಟಿರ್ಬೇಕು ಕಣೇ," ಎಂದ ತರುಣ್.

ವಸುಧಾ ಕಾರು ನಿಲ್ಲಿಸಲು ಹೇಳಿ, ಇಳಿದುಹೋಗಿ, ಮೆಲ್ಲಗೆ ಆ ಬೆಲ್ಟು ಹಾಕಿದಳು. ಅವಳ ಕೈಗೆ ಸೀಟು ಬೆಚ್ಚಗೆ ತಾಗಿತು.