ಗೇಟು ಕಿತ್ತ ಮೇಲೆ

ರೈಲು ಗೇಟು ಮುಚ್ಚಿದರೆ ಮಾಳಿಂಗಪ್ಪನ ಹೊಟ್ಟೆ ತುಂಬುತ್ತಿತ್ತು. ಸಿಂದಗಿ ಬಸ್ಸು ಗೇಟಿನಲ್ಲಿ ನಿಂತಾಗಲೆಲ್ಲ ಜನ ಇಳಿದು ಅವನ ಚಾದಂಗಡಿಗೆ ಬರುತ್ತಿದ್ದರು. ದಿಬ್ಬದಾಚೆ ರೈಲಿನ ಸೀಟಿ ಕೇಳಿದೊಡನೆ ಗ್ಲಾಸು ಬರಿದುಮಾಡಿ ಓಡುತ್ತಿದ್ದರು. ಎಪ್ಪತ್ತನಾಲ್ಕರಲ್ಲಿ ಸುದ್ದಿ ಬಂತು. ಸ್ಟೇಷನ್ನು ಹೊಸದಾಗಿ ಕಟ್ಟುತ್ತಾರಂತೆ, ದಾರಿಯನ್ನು ಕೆಳಸೇತುವೆಗೆ ತಿರುಗಿಸುತ್ತಾರಂತೆ, ಗೇಟು ಬೇಡವಂತೆ. ಅವನ ಹೊಟ್ಟೆಯ ಮೇಲೆ ಹೊಡೆದಂತಾಯಿತು.

ಗೇಟು ಕಿತ್ತ ದಿನ ಅವನು ಜಗಳವಾಡಲಿಲ್ಲ. ಕೀಳುವ ಆಳುಗಳ ಮುಕಾದಮ ಇಬ್ರಾಹಿಂಸಾಬನಿಗೆ ಪುಕ್ಕಟೆ ಚಾ ಕುಡಿಸಿದ. ಕೆಲಸದವರು ಕಿತ್ತು ತಂದ ಸಾಮಾನಿನಲ್ಲಿ ಒಂದು ಹಳದಿ ತಗಡಿತ್ತು. ಗ್ಲಾಸು ಇಡಲು ಬೇಕೆಂದು ಬೇಡಿದ.

"ಒಯ್ಯಿ. ಗೇಟ ಹ್ವಾದ ಮ್ಯಾಲೆ ಇದರ ಕೆಲಸಾನೂ ಮುಗೀತು," ಎಂದ ಇಬ್ರಾಹಿಂಸಾಬ.

ಸರಕಾರದಿಂದ ಅಷ್ಟಾದರೂ ಕಿತ್ತುಕೊಂಡೆನೆಂದು ಮಾಳಿಂಗಪ್ಪನಿಗೆ ಖುಷಿಯಾಯಿತು. ತಗಡನ್ನು ಕಟ್ಟೆಯ ಮೇಲೆ ಹಾಸಿ, ಮುಂದಿನ ಬಸ್ಸಿಗೇ ಆಲಮೇಲಕ್ಕೆ ಹೋದ. ಕಟ್ಟಿಗೆ ಹೇರಬೇಕೆಂದು ಸುಳ್ಳು ಹೇಳಿ ಭಾವನ ಹಳೆಯ ಚಕ್ಕಡಿ ಕೇಳಿದ. ಚಕ್ಕಡಿ ಮುರಿದರೆ ಮುರಿಯಲಿ, ಎತ್ತುಗಳ ಕೂದಲೂ ಕೊಂಕಬಾರದು ಎಂದು ಭಾವ ಆಣೆ ಹಾಕಿಸಿಕೊಂಡ.

ಹಂಚಿಕೆ ಸರಳವಾಗಿತ್ತು. ಹಳೆಯ ದಾರಿಯನ್ನು ಮುಚ್ಚುವ ಅಡ್ಡಕಂಬ ನೆಡಲು ಇನ್ನೂ ಯಾರೂ ಬಂದಿರಲಿಲ್ಲ. ಚಕ್ಕಡಿಯ ಗಾಲಿ ಹಳಿಯಲ್ಲಿ ಸಿಕ್ಕಂತೆ ಮಾಡುವುದು, ಜನ ನೋಡುವಂತೆ ಒದ್ದಾಡುವುದು, ಸೀಟಿ ಕೇಳಿದೊಡನೆ ಎತ್ತು ಬಿಚ್ಚಿಕೊಂಡು ಓಡುವುದು. ಮೊದಲೇ ಬಿಚ್ಚಿದರೆ ದಾರಿಹೋಕರು ಸೇರಿ ಚಕ್ಕಡಿಯನ್ನು ಆಚೆ ದೂಡಿಬಿಟ್ಟಾರು. ಹುಳು ತಿಂದ ಚಕ್ಕಡಿ ಪುಡಿಯಾಗುತ್ತದೆ, ಎಂಜಿನ್ನಿಗೆ ಗೀರು ಬೀಳುತ್ತದೆ, ಅಷ್ಟೇ. ಗೇಟಿದ್ದರೆ ಹೀಗಾಗುತ್ತಿತ್ತೇ ಎಂದು ಊರೇ ಕೂಗಿ ಗೇಟನ್ನು ಮರಳಿ ತರಿಸುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಮರುದಿನ ಸಂಜೆ ಚಕ್ಕಡಿ ಹೊಡೆದುಕೊಂಡು ನೇರ ಹಳಿಗೇ ಬಂದ. ಆಷಾಢದ ಗಾಳಿ ಬೀಸುತ್ತಿತ್ತು. ರೈಲು ಇಳಿಜಾರಿನಲ್ಲಿ ಉಗಿ ನಿಲ್ಲಿಸಿ ಸದ್ದಿಲ್ಲದೆ ಉರುಳಿಬರುತ್ತದೆ, ದಿಬ್ಬದ ತಿರುವು ದಾಟುವತನಕ ಕಾಣುವುದೂ ಇಲ್ಲ. ಅದನ್ನೂ ಅವನು ಯೋಚಿಸಿದ್ದ. ಎಂಥ ಗಾಳಿಯಲ್ಲೂ ಸೀಟಿ ಕೇಳದೆ ಇದ್ದದ್ದಿಲ್ಲ.

ಗಾಲಿ ಸಿಕ್ಕಿತು. ಆಡು ಮೇಯಿಸುತ್ತಿದ್ದ ರೇವವ್ವ ನಿಂತು ನೋಡಿದಳು. ಸಾಕ್ಷಿಯೂ ಸಿಕ್ಕಿತೆಂದು ಅವನು ಇನ್ನಷ್ಟು ಒದ್ದಾಡಿದ.

"ಎತ್ತುಗಳ್ನಾರ ಬಿಚ್ಚೋ ಯಪ್ಪಾ, ಗಾಡಿ ಬರೋ ಹೊತ್ತಾತು," ಎಂದಳು.

"ತಡಿಯಬೇ, ಇನ್ನೂ ಸೀಟಿ ಆಗಿಲ್ಲ."

ಎತ್ತುಗಳು ಒಮ್ಮೆಲೇ ಕಿವಿ ನಿಮಿರಿಸಿದವು. ಕಾಲಡಿಯ ಹಳಿ ನಡುಗಿತು. ನೊಗದ ಹಗ್ಗಕ್ಕೆ ಕೈ ಹಾಕಿದರೆ ಗಂಟು ಬಿಗಿದಿತ್ತು. ತಿರುವಿನಲ್ಲಿ ಎಂಜಿನ್ನಿನ ಕಪ್ಪು ಮುಖ ಕಂಡಿತು, ಸೀಟಿ ಇಲ್ಲ. ಅವನ ಕಣ್ಣು ತನ್ನ ಅಂಗಡಿಯತ್ತ ಹೊರಳಿತು. ಗ್ಲಾಸುಗಳ ಕೆಳಗೆ ಹಳದಿ ತಗಡು ಹೊಳೆಯುತ್ತಿತ್ತು. ವರ್ಷಗಟ್ಟಲೆ ದಿಬ್ಬದಾಚೆ ಕಂಬದ ಮೇಲೆ ನಿಂತು, ಮುಂದೆ ಗೇಟಿದೆ, ಸೀಟಿ ಹೊಡೆ ಎಂದು ಡ್ರೈವರನಿಗೆ ಹೇಳುತ್ತಿದ್ದ ಫಲಕ ಅದು. ಅವನೇ ಬೇಡಿ ತಂದದ್ದು.